ಸುಮ್ಮನೆ ಕೇಳುವ ಹೋಂವರ್ಕ್

ಶನಿವಾರದ ಕೊನೆಯ ಪೀರಿಯಡ್ಡನ್ನು ಯಾರೂ ಬಯಸಿ ಪಡೆಯುವುದಿಲ್ಲ. ಬೆಳಗಿನ ಶಾಲೆ. ಹೊತ್ತು ಏರುತ್ತಿದ್ದಂತೆ ಮಕ್ಕಳ ಅರ್ಧ ಜೀವ ಮನೆಗೆ ಹೋಗಿ ಮೀನುಸಾರಿನ ಮುಂದೆ ಕೂತುಬಿಟ್ಟಿರುತ್ತದೆ. ಉಳಿದರ್ಧಕ್ಕೆ ಪಾಠ ಮಾಡಬೇಕು. ನಮ್ಮ ಹೈಸ್ಕೂಲಿನ ವೇಳಾಪಟ್ಟಿಯಲ್ಲಿ ಆ ಪೀರಿಯಡ್ಡಿಗೆ ‘ಮೌಲ್ಯ ಶಿಕ್ಷಣ’ ಎಂಬ ಹೆಸರಿತ್ತು. ಹೆಸರು ಮಾತ್ರ. ಗಣಿತದ ಮಾಸ್ತರಿಗೆ ಲೆಕ್ಕ ಉಳಿದಿದ್ದರೆ ಅವರು ಬಂದು ಲೆಕ್ಕ ಮಾಡಿಸುತ್ತಿದ್ದರು. ಇಲ್ಲದಿದ್ದರೆ ಮಕ್ಕಳು ಅಂಗಳ ಗುಡಿಸುತ್ತಿದ್ದರು. ಮೌಲ್ಯಗಳು ತಮ್ಮ ಪಾಡಿಗೆ ತಾವಿದ್ದವು.

ಆ ವರ್ಷ ನವರಾತ್ರಿ ರಜೆ ಮುಗಿಯುತ್ತಿದ್ದ ಹಾಗೆ ಒಂದು ಸೂಚನೆ ಬಂತು. ಇನ್ನು ಮುಂದೆ ಮಕ್ಕಳಿಗೆ ತಮ್ಮ ಮನಸ್ಸಿನ ಭಾವನೆಗಳನ್ನು ಗುರುತಿಸುವುದು, ಇನ್ನೊಬ್ಬರ ಕಷ್ಟ ಅರಿಯುವುದು, ಜಗಳ ಬಿಡಿಸುವುದು ಇವನ್ನೆಲ್ಲ ಕಲಿಸಬೇಕು. ಅದಕ್ಕಾಗಿ ಪ್ರತಿ ಶಾಲೆಯಿಂದ ಒಬ್ಬರು ಕಾರವಾರಕ್ಕೆ ತರಬೇತಿಗೆ ಬರಬೇಕು. ಹೆಡ್‌ಮಾಸ್ತರು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದರು. ಗಣಿತದ ಮಾಸ್ತರು ತಮ್ಮ ಸಿಲೆಬಸ್ ಉಳಿದಿದೆ ಎಂದರು. ಹಿಂದಿ ಅಕ್ಕೋರಿಗೆ ಅಕ್ಕನ ಮಗಳ ಮದುವೆ. ಪಿ.ಟಿ. ಮಾಸ್ತರು ಮಾತ್ರ ಪ್ರಾಮಾಣಿಕವಾಗಿ, “ಭಾವನೆ ಗೀವನೆ ನಂಗೆ ಬರೂದಿಲ್ಲ ಸರ್, ನಂಗೆ ಸೀಟಿ ಹೊಡೂಕೆ ಬರ್ತದೆ” ಎಂದರು. ಉಳಿದವಳು ನಾನು, ಸಮಾಜ ವಿಜ್ಞಾನದವಳು.

“ನಿಮ್ಮ ಸಬ್ಜೆಕ್ಟಿನಲ್ಲೇ ಸಮಾಜ ಇದೆಯಲ್ಲ ಮೇಡಂ,” ಎಂದು ಹೆಡ್‌ಮಾಸ್ತರು ನನ್ನ ಹೆಸರು ಬರೆದೇಬಿಟ್ಟರು. ನನ್ನ ಮನೆ ಕಾರವಾರದಲ್ಲೇ. ದಿನಾ ಬಸ್ಸು ಹತ್ತಿ ಅಮದಳ್ಳಿ ದಾಟಿ ಅವರ್ಸಾದ ಕಡೆಗೆ ಬರುವವಳಿಗೆ, ಎರಡು ದಿನ ಬಸ್ಸು ಹತ್ತುವುದು ತಪ್ಪುತ್ತದಲ್ಲ ಎಂಬುದೇ ಆಗ ನನಗೆ ಕಂಡ ದೊಡ್ಡ ಮೌಲ್ಯ.

ತರಬೇತಿ ಕೊಡಲು ಬಂದವನು ಘಟ್ಟದ ಮೇಲಿನ ತರುಣ. ಬಹಳ ಮೃದು ಮಾತು. ಎಷ್ಟು ಮೃದು ಎಂದರೆ ಹಿಂದಿನ ಸಾಲಿನವರಿಗೆ ಕೇಳುತ್ತಲೇ ಇರಲಿಲ್ಲ. ಮೊದಲ ದಿನದ ವಿಷಯ ‘ಕೇಳಿಸಿಕೊಳ್ಳುವುದು’. ನಾವು ಯಾರೂ ನಿಜವಾಗಿ ಕೇಳಿಸಿಕೊಳ್ಳುವುದೇ ಇಲ್ಲ, ಎದುರಿನವರು ಮಾತಾಡುವಾಗ ನಮ್ಮ ಉತ್ತರವನ್ನು ಮಸೆಯುತ್ತಿರುತ್ತೇವೆ ಎಂದ ಅವನು. ಇಬ್ಬಿಬ್ಬರಂತೆ ಕೂರಿಸಿ ಅಭ್ಯಾಸ ಮಾಡಿಸಿದ. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಕೈ ಸುಮ್ಮನಿಟ್ಟುಕೊಂಡು, ಮುಖ ನೋಡುತ್ತ, ನಡುವೆ ಬಾಯಿ ಹಾಕದೆ ಕೇಳಬೇಕು, ಕೊನೆಗೆ ಅವರ ಭಾವನೆಯನ್ನು ಅವರಿಗೇ ತಿರುಗಿ ಹೇಳಬೇಕು.

ನನ್ನ ಜೋಡಿಯಾಗಿ ಸಿಕ್ಕವರು ಅಂಕೋಲೆಯ ಒಂದು ಶಾಲೆಯ ಹಿರಿಯ ಮಾಸ್ತರು. ಅವರು ತಮ್ಮ ಸ್ಕೂಟರಿನ ಕತೆ ಹೇಳಿದರು. ಬೆಳಿಗ್ಗೆ ಹೈವೇಯಲ್ಲಿ ನಿಂತುಬಿಟ್ಟಿತಂತೆ. ನಾನು ಹೇಳಿಕೊಟ್ಟ ಹಾಗೆಯೇ ಮುಖ ನೋಡಿ, ತಲೆಯಾಡಿಸಿ, ಕೊನೆಗೆ, “ಅಂದರೆ ನಿಮಗೆ ತುಂಬ ಬೇಸರ ಆಗಿದೆ, ಹೌದಾ?” ಎಂದೆ.

“ಇಲ್ಲ,” ಎಂದರು ಅವರು. “ಪಂಕ್ಚರ್ ಆಗಿದೆ.”

ಸಂಜೆ ಮನೆಯಲ್ಲಿ ಗಂಡನ ಮೇಲೆ ಪ್ರಯೋಗಿಸಿದೆ. ಆತ ಬ್ಯಾಂಕಿನಿಂದ ಬಂದು ಎಂದಿನಂತೆ ಮ್ಯಾನೇಜರನ ಮೇಲೆ ದೂರು ಶುರು ಮಾಡಿದ. ಎಂದಿನಂತೆ ನಾನು ಚಪಾತಿ ಲಟ್ಟಿಸುತ್ತ ಹೂಂಗುಟ್ಟುವ ಬದಲು ಎದುರು ಕುರ್ಚಿ ಹಾಕಿ ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳತೊಡಗಿದೆ. ನಾಲ್ಕು ಮಾತಿನೊಳಗೆ ಅವನ ದನಿ ಇಳಿಯಿತು. ನಮ್ಮ ಮನೆಮಾತು ಕೊಂಕಣಿ; ಹೆದರಿದಾಗಲಂತೂ ಆತನಿಗೆ ಬೇರೆ ಭಾಷೆ ಬರುವುದೇ ಇಲ್ಲ. “ಕಿತೆಂ ಜಾಲೆಂ?” ಎಂದ. ಏನಾಯಿತು ಎಂದು. ಆಮೇಲೆ ಎದ್ದು ಹೊರಗೆ ಹೋಗಿ, ನಾನು ಎಲ್ಲಾದರೂ ಗುದ್ದಿದ್ದೇನೆಯೇ ಎಂದು ಕಾರನ್ನು ಒಂದು ಸುತ್ತು ನೋಡಿ ಬಂದ.

ಇದೇ ಮುನ್ಸೂಚನೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮುಂದಿನ ಶನಿವಾರ ಎಂಟನೇ ತರಗತಿಗೆ ಹೋದೆ. ಮೊದಲು ಭಾವನೆಗಳ ಹೆಸರು ಕೇಳಿದೆ. “ಸಿಟ್ಟು,” ಎಂದರು. “ಖುಷಿ,” ಎಂದರು. ಮತ್ತೆ? ಹಿಂದಿನ ಬೆಂಚಿನಿಂದ “ಹಸಿವು” ಎಂದು ಬಂತು. ಅದು ಭಾವನೆಯಲ್ಲ, ಹೊಟ್ಟೆಯದು ಎಂದೆ. “ಹೊಟ್ಟೆಕಿಚ್ಚೂ ಹೊಟ್ಟೇದೇ ಅಲ್ದಾ ಅಕ್ಕೋರೇ?” ಎಂದು ಮುಂದಿನ ಬೆಂಚಿನಿಂದ ಪ್ರಶ್ನೆ. ಕೇಳಿದವಳು ಯಾರೆಂದು ನೋಡಬೇಕಾಗಿರಲಿಲ್ಲ. ಆ ತರಗತಿಯಲ್ಲಿ ಯಾವ ಮಾತು ಕೇಳಿಬಂದರೂ ಅದು ಅವಳದೇ ಎಂದು ಹಿಡಿದುಕೊಂಡರೆ ತಪ್ಪುವ ಸಂಭವ ಕಡಿಮೆ.

ಆ ಹುಡುಗಿ ಬಾಯಿ ಬಿಟ್ಟರೆ ಮುಚ್ಚಿದ್ದೇ ಇಲ್ಲ. ಪ್ರಾರ್ಥನೆಯ ನಡುವೆ ಮಾತು, ಊಟದ ಸಾಲಿನಲ್ಲಿ ಮಾತು, ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಜೊತೆಗೇ ಮಾತು. ಕೆಟ್ಟವಳಲ್ಲ, ಉಡಾಳಿಯೂ ಅಲ್ಲ. ಒಳಗೆ ಬಂದದ್ದು ಒಳಗೆ ನಿಲ್ಲುತ್ತಿರಲಿಲ್ಲ, ಅಷ್ಟೇ. ಅಪ್ಪ ನೌಕಾನೆಲೆಯ ಕಡೆ ಗುತ್ತಿಗೆ ಕೆಲಸಕ್ಕೆ, ಅಮ್ಮ ಅಂಕೋಲೆಯ ಬಟ್ಟೆ ಅಂಗಡಿಗೆ. ಬೆಳಗಾದರೆ ಇಬ್ಬರೂ ಎರಡು ದಿಕ್ಕಿನ ಬಸ್ಸು ಹತ್ತುತ್ತಿದ್ದರು. ಹಗಲು ಮನೆಯಲ್ಲಿ ಅಜ್ಜಿ. ಅದೇ ಅಂಗಳದ ಆಚೆ ತುದಿಗೆ, ನಡುವೆ ಒಂದು ಬೇಲಿ ಬಿಟ್ಟು, ಚಿಕ್ಕಪ್ಪನ ಪಾಲಿನ ಮನೆ, ಅದರಲ್ಲಿ ಚಿಕ್ಕಮ್ಮ.

ಕೇಳಿಸಿಕೊಳ್ಳುವ ನಿಯಮಗಳನ್ನು ಹಲಗೆಯ ಮೇಲೆ ಬರೆದೆ. ಜೋಡಿ ಮಾಡಿ ಕೂರಿಸಿದೆ. ಈ ಹುಡುಗಿಯ ಪಾಲಿಗೆ ಮೊದಲು ಕೇಳುವ ಸರದಿ ಬಂತು. ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕೂತಳು. ಎದುರಿನ ಹುಡುಗಿ ತಮ್ಮ ಮನೆಯ ಎಮ್ಮೆ ಕರು ಹಾಕಿದ್ದು ಹೇಳುತ್ತಿದ್ದಳು. ಇವಳ ಕಣ್ಣಲ್ಲಿ ನೀರು ಬಂತು. ಅನುಕಂಪವೇ ಎಂದು ನನಗೆ ಒಂದು ಕ್ಷಣ ರೋಮಾಂಚನವಾಯಿತು. ನೋಡಿದರೆ ಮಾತು ತಡೆದು ಬಂದ ನೀರು.

ಅಷ್ಟರಲ್ಲಿ ಹೆಡ್‌ಮಾಸ್ತರು ಮೊಬೈಲು ಹಿಡಿದು ಬಂದರು. ಯಾವ ಚಟುವಟಿಕೆ ಮಾಡಿದರೂ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ಅವರು ಆ ಮೂಲೆಯಿಂದೊಮ್ಮೆ ಈ ಮೂಲೆಯಿಂದೊಮ್ಮೆ ನೋಡಿದರು. “ಮೇಡಂ, ಕೇಳೂದನ್ನ ಫೋಟೋ ತೆಗಿಯೂದು ಹೆಂಗೆ?” ಎಂದರು. ಕೊನೆಗೂ ತೆಗೆದರು. ಫೋಟೋದಲ್ಲಿ ಅರ್ಧ ತರಗತಿ ನಿದ್ದೆ ಮಾಡುವಂತೆಯೂ ಇನ್ನರ್ಧ ಹಲ್ಲುನೋವಿನಿಂದ ನರಳುವಂತೆಯೂ ಕಾಣುತ್ತಿತ್ತು. ಅದನ್ನೇ ಹಾಕಿದರು.

ಗಂಟೆ ಹೊಡೆಯುವ ಮೊದಲು ಹೋಂವರ್ಕ್ ಕೊಟ್ಟೆ. ಬರುವ ಶನಿವಾರದೊಳಗೆ ಇಬ್ಬರು ದೊಡ್ಡವರ ಮಾತನ್ನು ಅಡ್ಡ ಮಾತಾಡದೆ ಕೇಳಬೇಕು. ಒಬ್ಬರು ನಿಮಗೆ ಹತ್ತಿರದವರು. ಇನ್ನೊಬ್ಬರು ನಿಮಗೆ ಅಷ್ಟಾಗಿ ಇಷ್ಟವಿಲ್ಲದವರು. ಕೈಪಿಡಿಯಲ್ಲಿ ಹಾಗೆಯೇ ಇತ್ತು. ಅವರಿಗೆ ಏನನ್ನಿಸುತ್ತದೆ ಎಂದು ತಿಳಿದುಕೊಂಡು ಬನ್ನಿ ಎಂದೆ.

ಸೋಮವಾರ ಬೆಳಿಗ್ಗೆ ಬಸ್ಸಿಳಿದು ಶಾಲೆಯ ಗೇಟಿಗೆ ಬರುವಾಗಲೇ ಒಬ್ಬ ಅಜ್ಜಿ ನಿಂತಿದ್ದಳು. ಗಿಡ್ಡ ಆಳು, ಬಿಗಿದ ಸೆರಗು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ನಮ್ಮ ಎಂಟನೇ ತರಗತಿಯ ಆ ಹುಡುಗಿಯ ರಟ್ಟೆ.

“ಅಕ್ಕೋರೇ, ನಮ್ಮ ಹುಡ್ಗಿಗೆ ಎಂತಾ ಮಾಡ್ಬಿಟ್ರಿ?”

“ಏನಾಯ್ತು ಅಮ್ಮ?”

“ಶನಿವಾರ ಮಧ್ಯಾಹ್ನಿಂದ ಒಂದ್ ಮಾತಾಡ್ಲಿಲ್ಲ! ನಾ ಎಂತಾ ಹೇಳಿರೂ ಮುಖಾ ನೋಡ್ತದೆ, ತಲೆ ಅಲ್ಲಾಡ್ಸ್ತದೆ. ಹುಟ್ಟಿದ್ ಮೇಲೆ ಈ ಹುಡ್ಗಿ ಹೀಂಗೆ ಸುಮ್ನೆ ಕೂತದ್ದು ನಾ ಕಂಡದ್ದಿಲ್ಲ. ಹೆದ್ರ್ಕಂಡದ್ಯೋ ಎಂತದೋ ಹೇಳಿ ಉಪ್ಪು-ಮೆಣಸು ಇಳ್ಸಿ ಒಲೆಗೆ ಹಾಕ್ದೆ. ಘಾಟೇ ಬರ್ಲಿಲ್ಲ ನೋಡಿ! ಘಾಟು ಬರ್ಲಿಲ್ಲ ಅಂದ್ರೆ ದೃಷ್ಟಿ ಜೋರೇ ಆಗದೆ. ಇಲ್ನೋಡಿ, ದಾರಾನೂ ಕಟ್ಸ್ಕಂಡ್ ಬಂದೆ.”

ಹುಡುಗಿಯ ಮಣಿಕಟ್ಟಿನಲ್ಲಿ ಹೊಸ ಕಪ್ಪು ದಾರ ಇತ್ತು. ನಾನು ಅವಳನ್ನು ನೋಡಿದೆ. ಅವಳು ನನ್ನನ್ನು ನೋಡಿ ತಲೆಯಾಡಿಸಿದಳು.

“ಬಾಯ್ಬಿಟ್ಟು ಹೇಳೇ!” ಎಂದೆ.

“ಹೋಂವರ್ಕು ಅಕ್ಕೋರೇ,” ಎಂದಳು ಆಕೆ. “ಅಜ್ಜಿ ಮಾತು ಮುಗ್ದೇ ಇಲ್ಲ. ಮುಗಿಯೂವರೆಗೆ ಅಡ್ಡ ಮಾತಾಡೂಕಿಲ್ಲ ಹೇಳಿದ್ರಲ್ದಾ ನೀವು? ನಾ ಕಾಯ್ತಾ ಇದ್ದೆ.”

ಅಜ್ಜಿಗೆ ಬಿಡಿಸಿ ಹೇಳುವಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು. ಇದು ಶಾಲೆಯ ಪಾಠ. ದೊಡ್ಡವರ ಮಾತನ್ನು ಸಮಾಧಾನದಿಂದ ಕೇಳುವುದನ್ನು ಮಕ್ಕಳಿಗೆ ಕಲಿಸುತ್ತಿದ್ದೇವೆ ಎಂದೆ. ಅಜ್ಜಿ ನಂಬದೆ ನೋಡಿದಳು. “ಕೇಳೂದೂ ಹೋಂವರ್ಕಾ?” ಎಂದಳು. ಹೌದು ಎಂದೆ. ನನ್ನ ಹತ್ತಿರ ಸರಿದಳು. ಆಮೇಲೆ ದನಿ ತಗ್ಗಿಸಿ, “ಎಷ್ಟ್ ದಿನ ಕೇಳ್ತದೆ ಇದು?” ಎಂದಳು.

“ಶನಿವಾರದವರೆಗೆ.”

ಅಜ್ಜಿಯ ಮುಖದಲ್ಲಿ ಬೆಳಕು ಹೊತ್ತಿತು. ಮೊಮ್ಮಗಳ ರಟ್ಟೆ ಬಿಟ್ಟು, ಕೊಡೆ ಊರಿಕೊಂಡು, ಮಾಡಬೇಕಾದ ಕೆಲಸ ಬಹಳ ಇರುವವಳ ಹಾಗೆ ಬಿರಬಿರನೆ ಹೊರಟುಹೋದಳು.

ಆ ವಾರ ಊರು ಬೇರೆಯೇ ಆಗಿತ್ತು. ಭತ್ತದ ಕೊಯ್ಲಿನ ದಿನಗಳು. ಒಬ್ಬ ಹುಡುಗಿ ಅಜ್ಜನ ಮಾತು ಕೇಳಲು ಗದ್ದೆಗೆ ಹೋದರೆ ಅಜ್ಜ, “ಕೇಳೂಕೆ ಬಂದವ್ಳು ಬರೀಕೈಲಿ ಬತ್ಯಾ? ಕತ್ತಿ ತಕಂಬಾ” ಎಂದು ಸಂಜೆಯವರೆಗೂ ಕೊಯ್ಯಿಸಿದನಂತೆ, ಮಾತು ಮಾತ್ರ ಒಂದೂ ಆಡಲಿಲ್ಲವಂತೆ. ಇನ್ನೊಬ್ಬಳ ಅಪ್ಪ ಗೂಡಂಗಡಿಯ ಮುಂದೆ ನಾಲ್ಕು ಜನರೊಡನೆ ನಿಂತು ರಾಜಕೀಯ ಹೇಳುತ್ತಿದ್ದಾಗ ಮಗಳು ಹೋಗಿ ಮುಖ ನೋಡುತ್ತ ನಿಂತು, ಕೊನೆಗೆ, “ಅಂದ್ರೆ ಅಪ್ಪಾ, ನಿಂಗೆ ನಿನ್ನ ಮಾತು ಯಾರೂ ಕೇಳೂದಿಲ್ಲ ಅನ್ನಿಸ್ತದೆ, ಹೌದಾ?” ಎಂದಳಂತೆ. ಅಂಗಡಿಯವನು ನಕ್ಕದ್ದಕ್ಕೆ ಅಪ್ಪ ಆ ಅಂಗಡಿಯ ಚಹಾ ಬಿಟ್ಟ. ಹೆಡ್‌ಮಾಸ್ತರಿಗೆ ಫೋನಿನ ಮೇಲೆ ಫೋನು. ಹೆಡ್‌ಮಾಸ್ತರು ಒಳ್ಳೆಯವರು, ಆದರೆ ಪಾಲಕರೆಂದರೆ ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಫೋನು ರಿಂಗಾದಾಗಲೆಲ್ಲ ನನ್ನ ಕಡೆ ನೋಡಿ, “ಮೇಡಂ, ನಿಮ್ಮ ಭಾವನೆದು,” ಎಂದು ಫೋನನ್ನೇ ನನ್ನ ಕೈಗೆ ಕೊಡುತ್ತಿದ್ದರು.

ನಮ್ಮ ಮಾತಿನ ಹುಡುಗಿ ಮಾತ್ರ ದಿನಕ್ಕೊಂದು ಸುದ್ದಿ ತರುತ್ತಿದ್ದಳು. ಶಾಲೆಯಲ್ಲಿ ಅವಳ ಮಾತಿಗೆ ಕಟ್ಟಿರಲಿಲ್ಲ; ಮನೆಯಲ್ಲಿ ಕೂಡಿಟ್ಟದ್ದೆಲ್ಲ ಇಲ್ಲಿ ಬಂದು ಬೀಳುತ್ತಿತ್ತು. ಅಜ್ಜಿ ಮಾತಾಡಿ ಮಾತಾಡಿ ದನಿ ಕಟ್ಟಿಕೊಂಡಿದ್ದಾಳೆ. ಅಜ್ಜಿ ತಾನು ಮದುವೆಯಾಗಿ ಬಂದ ದಿನದಿಂದ ಶುರು ಮಾಡಿ ಇನ್ನೂ ದೊಡ್ಡ ಮಗ ಹುಟ್ಟುವವರೆಗೆ ಬಂದಿಲ್ಲ. ಅಜ್ಜಿಗೂ ಚಿಕ್ಕಮ್ಮನಿಗೂ ಮಾತಿಲ್ಲ. ಮಾತಿಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ಇಬ್ಬರೂ ಕೋಳಿಯ ಮೂಲಕ ಮಾತಾಡುತ್ತಾರೆ.

“ಕೋಳಿ ಮೂಲಕ ಅಂದ್ರೆ?”

“ಅಜ್ಜಿ ಹುಂಜಕ್ಕೆ ಹೇಳ್ತದೆ, ‘ಏ ಹುಂಜಾ, ಕೆಲವ್ರಿಗೆ ಬಾವಿಕಟ್ಟೆ ತೊಳೂಕೆ ಕೈ ಸವೀತದೆ’ ಹೇಳಿ. ಚಿಕ್ಕಮ್ಮ ಆಚೆಯಿಂದ ಅದೇ ಹುಂಜಕ್ಕೆ, ‘ನಿನ್ನೆ ತೊಳ್ದದ್ದು ಕೆಲವ್ರ ಕಣ್ಣಿಗೆ ಕಾಣೂದಿಲ್ಲ’ ಹೇಳ್ತದೆ. ಹುಂಜ ಪಾಪ ಅತ್ಲಾಗೂ ಇತ್ಲಾಗೂ ನೋಡ್ತದೆ ಅಕ್ಕೋರೇ.”

ಗುರುವಾರ ಅವಳು ಎರಡನೆಯ ಹೋಂವರ್ಕಿಗೆ ಕೈ ಹಾಕಿದಳು. ಅಂಗಳ ದಾಟಿ ಚಿಕ್ಕಮ್ಮನ ಜಗಲಿ ಹತ್ತಿ, ಕೈ ಕಟ್ಟಿ ಕೂತು, “ಚಿಕ್ಕಮ್ಮಾ, ಇಷ್ಟ ಇಲ್ದವ್ರು ಒಬ್ರು ಬೇಕು ಹೇಳಿದಾರೆ ನಮ್ಮ ಅಕ್ಕೋರು. ನಾ ನಿಮ್ಮನ್ನ ಆರ್ಸ್ಕಂಡೆ. ಮಾತಾಡಿ,” ಎಂದಳಂತೆ.

ಇದನ್ನು ಅವಳು ಬಹಳ ಹೆಮ್ಮೆಯಿಂದ ನನಗೆ ಹೇಳಿದಳು. ನಾನು ಕುರ್ಚಿಯ ತೋಳು ಹಿಡಿದುಕೊಂಡೆ.

“ಏನಂದ್ರು ಚಿಕ್ಕಮ್ಮ?”

“ಮೊದ್ಲು ಬೈದ್ರು. ನಾ ಮುಖ ನೋಡಿ ಕೇಳ್ದೆ. ಆಮೇಲೆ ಅತ್ರು. ಅದನ್ನೂ ಕೇಳ್ದೆ. ಆಮೇಲೆ ಅವಲಕ್ಕಿ ಕೊಟ್ರು.”

ಪಾಠ ಫಲ ಕೊಡುತ್ತಿದೆ ಎಂದುಕೊಂಡೆ. ಕೇಳಿದ ಮಾತನ್ನು ಗುಟ್ಟಾಗಿಡಬೇಕು, ಒಬ್ಬರದ್ದನ್ನು ಇನ್ನೊಬ್ಬರಿಗೆ ಒಯ್ಯಬಾರದು ಎಂಬ ನಿಯಮ ಕೈಪಿಡಿಯಲ್ಲಿ ಇದ್ದೇ ಇತ್ತು. ಮುಂದಿನ ಪುಟದಲ್ಲಿತ್ತು.

ಶನಿವಾರ ಕೊನೆಯ ಪೀರಿಯಡ್ಡು ಇನ್ನೂ ಶುರುವಾಗಿರಲಿಲ್ಲ. ಗೇಟಿನ ಕಡೆಯಿಂದ ಎರಡು ಹೆಣ್ಣು ದನಿಗಳು ಒಂದರ ಮೇಲೊಂದು ಬಿದ್ದುಕೊಂಡು ಬಂದವು. ಮುಂದೆ ಅಜ್ಜಿ, ಕೊಡೆ ಸಮೇತ. ಹಿಂದೆ ಮೂವತ್ತರ ಆಸುಪಾಸಿನ ಹೆಂಗಸು, ಸೊಂಟದ ಮೇಲೆ ಮಗು. ಹೇಳಬೇಕಾಗಿಯೇ ಇರಲಿಲ್ಲ, ಚಿಕ್ಕಮ್ಮ. ಹಿಂದಿನ ದಿನ ಸಂಜೆ ಹುಡುಗಿ ಅಜ್ಜಿಯ ದೂರುಗಳನ್ನು ಚಿಕ್ಕಮ್ಮನಿಗೂ ಚಿಕ್ಕಮ್ಮನ ದೂರುಗಳನ್ನು ಅಜ್ಜಿಗೂ, ಒಂದು ಅಕ್ಷರ ಬಿಡದೆ, ಬಾವಿಕಟ್ಟೆಯ ಹತ್ತಿರ ಒಪ್ಪಿಸಿದ್ದಳು. ಉಳಿದ ಮಾತಿಗೆ ಬರುವ ಮೊದಲೇ ಜಗಳ ಹತ್ತಿಕೊಂಡಿತ್ತು. ಹುಂಜದ ಕೆಲಸ ಹೋಗಿತ್ತು.

ಹೆಡ್‌ಮಾಸ್ತರು ಇಬ್ಬರನ್ನೂ ತಮ್ಮ ಕೋಣೆಗೆ ಕರೆದು ಕೂರಿಸಿ, ತಾವು ಬಾಗಿಲ ಹತ್ತಿರ ನಿಂತು, “ಮೇಡಂ, ನಿಮ್ಮ ಭಾವನೆದು,” ಎಂದರು.

“ಇದ್ಕೇ ಶಾಲೆಗೆ ಕಳ್ಸೂದಾ ನಾವು?” ಎಂದಳು ಚಿಕ್ಕಮ್ಮ. “ಮನೆ ಮನೆ ಸುದ್ದಿ ಹೊರೂಕೆ?”

“ಸುದ್ದಿ ಇಲ್ದಿದ್ರೆ ಹೊರೂದೆಂತಾ?” ಎಂದಳು ಅಜ್ಜಿ. “ನನ್ ಕೈ ರುಚಿ ಹೋಯ್ತು ಹೇಳಿ ನೀ ಹೇಳ್ದ್ಯೋ ಇಲ್ವೋ?”

ಜಗಳದ ಬೇರು ಮೆಲ್ಲಗೆ ಹೊರಬಿತ್ತು. ಆ ಮಗುವಿನ ನಾಮಕರಣದ ದಿನ ಅಡಿಗೆ ಅಜ್ಜಿಯದು. ಊರಲ್ಲಿ ಯಾರ ಮನೆ ಕಾರ್ಯವಾದರೂ ಸಾರು ಕುದಿಯುವಾಗ ಅಜ್ಜಿಯನ್ನು ಕರೆಯುತ್ತಿದ್ದ ಕಾಲವಿತ್ತು. ಅವತ್ತು ತನ್ನ ತವರಿನವರು ಊಟಕ್ಕೆ ಕೂತಾಗ ಸೊಸೆ ಎಲ್ಲರೆದುರು, “ಅತ್ತೆ, ಉಪ್ಪು ಎರಡ್ ಸಲ ಬಿದ್ದದೆ,” ಎಂದಿದ್ದಳು. ಅಂದಿನಿಂದ ಅಜ್ಜಿ ಸೊಸೆಯ ಅಂಗಳಕ್ಕೆ ಕಾಲಿಟ್ಟಿಲ್ಲ; ಮಗುವನ್ನೂ ಬೇಲಿಯಾಚೆಯಿಂದಲೇ ನೋಡುವುದು.

ನನಗೆ ತರಬೇತಿ ನೆನಪಾಯಿತು. ಒಂದು ವಸ್ತುವನ್ನು ಕೊಡಬೇಕು. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು. ಹೆಡ್‌ಮಾಸ್ತರ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟೆ. “ಇದು ಇರುವಷ್ಟು ಹೊತ್ತು ನೀವು ಹೇಳಿ. ಮುಗಿದ ಮೇಲೆ ಅವರಿಗೆ ಕೊಡಿ,” ಎಂದೆ.

ಅಜ್ಜಿ ಹೇಳಿದಳು. ಹೇಳಿ ಮುಗಿಸಿ, ಪೇಪರ್‌ವೇಟನ್ನು ಮಡಿಲಲ್ಲಿಟ್ಟು ಅದರ ಮೇಲೆ ಸೆರಗು ಹೊದಿಸಿದಳು.

“ಈಗ ಅವರಿಗೆ ಕೊಡಿ ಅಮ್ಮ.”

“ಯಾಕೆ ಕೊಡೂದು? ಅದು ಸುಳ್ಳು ಹೇಳ್ತದೆ.”

ಚಿಕ್ಕಮ್ಮ ಕಾಯಲಿಲ್ಲ, ಪೇಪರ್‌ವೇಟಿಲ್ಲದೆಯೇ ಶುರು ಮಾಡಿದಳು. ಅಜ್ಜಿ ನನ್ನ ಕಡೆ ತಿರುಗಿ, “ನೋಡಿ ಅಕ್ಕೋರೇ, ಗುಂಡು ನನ್ ಹತ್ರ ಅದೆ. ಅದು ಮಾತಾಡ್ತಾ ಅದೆ!” ಎಂದು ದೂರಿದಳು. ಹೆಡ್‌ಮಾಸ್ತರು ಗಾಬರಿಯಿಂದ ಸ್ಟೇಪ್ಲರ್ ತೆಗೆದು ಚಿಕ್ಕಮ್ಮನ ಕೈಗಿಟ್ಟರು. ಈಗ ಇಬ್ಬರಿಗೂ ಮಾತಾಡುವ ಹಕ್ಕು ಬಂತು. ಇಬ್ಬರೂ ಮಾತಾಡಿದರು. ಮಗು ಹೆದರಿ ಅಳತೊಡಗಿತು. ಎರಡು ದಿನ ಕಾರವಾರದಲ್ಲಿ ಕಲಿತು ಬಂದ ವಿದ್ಯೆಯೆಲ್ಲ ಆ ಮೇಜಿನ ಮೇಲೆ ಮಗುಚಿ ಬಿದ್ದಿತ್ತು.

“ಅಕ್ಕೋರೇ, ನಾ ಹೇಳ್ಲಾ?”

ಬಾಗಿಲಲ್ಲಿ ಹುಡುಗಿ. ಕರೆಯದೆ ಬಂದಿದ್ದಳು. ನಾನು ಬೇಡ ಎನ್ನಬೇಕೆನ್ನುವಷ್ಟರಲ್ಲಿ ಅವಳ ಮಾತು ಹೊರಟಾಗಿತ್ತು.

“ಚಿಕ್ಕಮ್ಮಂಗೆ ಸಿಟ್ಟಲ್ಲ, ಬೇಜಾರು. ಪಾಪು ಹಲ್ಲು ಬಂದದ್ದು ಅಜ್ಜಿಗೆ ತೋರ್ಸೂಕೆ ಆಗ್ಲಿಲ್ಲ ಹೇಳಿ ಬೇಜಾರು. ತವರಿನವ್ರು ಉಪ್ಪು ಜಾಸ್ತಿ ಹೇಳಿ ನಗಾಡ್ತ್ರು, ಅದ್ಕೇ ಅವ್ರು ಹೇಳೂಕಿಂತ ಮೊದ್ಲು ನಾನೇ ಹೇಳ್ಬಿಟ್ಟೆ ಹೇಳ್ದ್ರು.” ಉಸಿರು ತೆಗೆದುಕೊಂಡಳು. “ಅಜ್ಜಿಗೂ ಸಿಟ್ಟು ಹೇಳೇ ನಾ ತಿಳ್ಕಂಡಿದ್ದೆ. ಆದ್ರೆ ಸಿಟ್ಟಲ್ಲ ಅಕ್ಕೋರೇ. ಹೆದ್ರಿಕೆ.”

“ಎಂತಾ ಹೆದ್ರಿಕೆ ನಂಗೆ?” ಎಂದಳು ಅಜ್ಜಿ. ಜೋರಾಗಿಯೇ ಎಂದಳು.

“ಉಪ್ಪು ಹಾಕಿದ್ ಮೇಲೆ ನೀ ಮುಚ್ಚಳದ್ ಮೇಲೆ ಹುಣ್ಸೆಬೀಜ ಇಡ್ತ್ಯಲ್ಲ. ಇಲ್ದಿದ್ರೆ ಹಾಕದ್ನೋ ಇಲ್ವೋ ನೆನ್ಪ್ ಹೋಗ್ತದೆ ಹೇಳಿ ನೀನೇ ಹೇಳ್ದೆ. ಮೊನ್ನೆ ಎರಡ್ ಬೀಜ ಇತ್ತು. ಅದ್ನ ನೋಡಿ ನೀ ಒಲೆ ಎದ್ರಿಗೆ ಹಂಗೇ ಕೂತ್ಕಂಡಿದ್ದೆ.”

ಚಿಕ್ಕಮ್ಮ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡಳು. ನನಗೆ ಹುಡುಗಿಯ ಬಾಯಿ ಮುಚ್ಚಬೇಕೆನ್ನಿಸಿತು, ಮುಚ್ಚಿದರೆ ತಪ್ಪು ಎಂದೂ ಅನ್ನಿಸಿತು. ಇದು ಗುಟ್ಟಾಗಿ ಉಳಿಯಬೇಕಾದ ಮಾತೇ. ಆದರೆ ಆಡಿಯಾಗಿತ್ತು. ಅಜ್ಜಿ ಯಾರ ಮುಖವನ್ನೂ ನೋಡದೆ ಸೆರಗಿನಡಿಯಿಂದ ಪೇಪರ್‌ವೇಟು ತೆಗೆದು ಮೇಜಿನ ಮೇಲೆ ಇಟ್ಟಳು.

“ಮಂಡೆ ಮೊದ್ಲಿನ ಹಂಗಿಲ್ಲ,” ಎಂದಳು ಕೊನೆಗೆ, ಮೇಜಿಗೆ ಹೇಳುವ ಹಾಗೆ. “ನಮ್ಮ ಅಬ್ಬೆಗೂ ಹಿಂಗೇ ಶುರು ಆದದ್ದು. ಆಮೇಲೆ ನಮ್ಮನ್ನೂ ಗುರ್ತ ಹಿಡೀತಿರ್ಲಿಲ್ಲ.”

ಕೈಪಿಡಿಯ ಪ್ರಕಾರ ಈಗ ಚಿಕ್ಕಮ್ಮ ಅತ್ತೆಯ ಭಾವನೆಯನ್ನು ಗುರುತಿಸಿ ಮೃದುವಾಗಿ ತಿರುಗಿ ಹೇಳಬೇಕಿತ್ತು. ಚಿಕ್ಕಮ್ಮ ಸ್ಟೇಪ್ಲರನ್ನು ಎರಡು ಸಲ ಒತ್ತಿದಳು. ಎರಡು ಪಿನ್ನು ನೆಲಕ್ಕೆ ಬಿದ್ದವು. ಆಮೇಲೆ ಹುಡುಗಿಯ ಕಡೆ ತಿರುಗಿ, “ಎರಡ್ ಬೀಜ ಇದ್ದ ದಿನ ಸಾರು ಎಂತಾ ಮಾಡಿದ್ರಿ?” ಎಂದಳು.

“ತಿಂದ್ವಿ,” ಎಂದಳು ಹುಡುಗಿ. “ಅಪ್ಪ ಎರಡ್ ಚೊಂಬು ನೀರು ಕುಡ್ದ. ಚೊಲೋ ಆಗದೆ ಹೇಳ್ದ. ಅಮ್ಮನೂ ಚೊಲೋ ಆಗದೆ ಹೇಳ್ತು. ನಂಗೆ ಹೋಂವರ್ಕು, ಮಾತಾಡೂಕಿಲ್ಲ.”

ಮೊದಲು ನಕ್ಕವಳು ಅಜ್ಜಿ. ಮುಖ ಅತ್ತಲಾಗಿ ತಿರುಗಿಸಿಕೊಂಡು, ಕೊಡೆಯ ಹಿಡಿಗೆ ಹಣೆಯೊತ್ತಿ ಭುಜ ಕುಣಿಸಿದಳು. ಅಳುತ್ತಿದ್ದಾಳೆಂದು ಹೆಡ್‌ಮಾಸ್ತರು ನೀರು ತರಲು ಓಡಿದರು. ಚಿಕ್ಕಮ್ಮನಿಗೂ ತಡೆಯಲಾಗಲಿಲ್ಲ. “ಒಂದ್ ಕರೆ ಕರ್ದಿದ್ರೆ ನಾ ಬಂದು ಉಪ್ಪು ನೋಡ್ತಿರ್ಲಿಲ್ವಾ?” ಎಂದಳು, ನಗುತ್ತಲೇ ಬಯ್ಯುವ ದನಿಯಲ್ಲಿ. “ಬೀಜ ಇಡ್ತಾರಂತೆ ಬೀಜ!”

“ಕರೂದು ಹೆಂಗೆ? ಮಾತಿತ್ತಾ ನಮ್ಗೆ?”

“ಹುಂಜಕ್ಕೆ ಹೇಳಿದ್ರೂ ಬರ್ತಿದ್ದೆ.”

ಅಜ್ಜಿ ಕೈ ಚಾಚಿದಳು. ಚಿಕ್ಕಮ್ಮ ಮಗುವನ್ನು ಅತ್ತೆಯ ಮಡಿಲಿಗೆ ದಾಟಿಸಿದಳು. ಅಜ್ಜಿ ತೋರುಬೆರಳಿನಿಂದ ಅದರ ತುಟಿ ಸರಿಸಿ ಹಲ್ಲು ನೋಡಿದಳು. ಅದೇ ಕ್ಷಣಕ್ಕೆ ಹೆಡ್‌ಮಾಸ್ತರು ನೀರಿನ ಲೋಟ ಹಿಡಿದು ಒಳಗೆ ಬಂದರು. ಲೋಟ ಕೆಳಗಿಟ್ಟು ಮೊಬೈಲು ತೆಗೆದರು. ನಾನು ಬೇಡ ಎಂದು ಕೈ ಮಾಡಿದೆ. ಅವರ ಜನ್ಮದಲ್ಲಿ ಮೊದಲ ಸಲ ಫೋಟೋ ತೆಗೆಯದೆ ಮೊಬೈಲು ಜೇಬಿಗೆ ಹಾಕಿದರು.

ಇದರಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅವರಿಬ್ಬರ ಜಗಳ ನಿಲ್ಲಲಿಲ್ಲ. ಮೊದಲು ಕೋಳಿಗೆ ಹೇಳುತ್ತಿದ್ದದ್ದನ್ನು ಈಗ ನೇರವಾಗಿ ಹೇಳಿಕೊಳ್ಳುತ್ತಿದ್ದರು, ದನಿ ಇನ್ನೂ ದೊಡ್ಡದು. ಆದರೆ ದಿನಾ ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮ ಸೌಟು ಹಿಡಿದು ಅಂಗಳ ದಾಟಿ ಬಂದು, ಅಜ್ಜಿಯ ಸಾರು ಒಂದು ಹನಿ ಅಂಗೈಗೆ ಹಾಕಿಕೊಂಡು ನೋಡಿ ಹೋಗುತ್ತಾಳೆ ಎಂದು ಹುಡುಗಿ ವರದಿ ಮಾಡಿದಳು. ಅಜ್ಜಿಯನ್ನು ಅಂಕೋಲೆಯ ಡಾಕ್ಟರಿಗೆ ತೋರಿಸಿಕೊಂಡು ಬಂದವಳೂ ಚಿಕ್ಕಮ್ಮನೇ. ವಯಸ್ಸಿನ ಮರೆವು, ಸದ್ಯಕ್ಕೆ ಹೆದರಬೇಕಾದ್ದಿಲ್ಲ ಎಂದರಂತೆ ಡಾಕ್ಟರು. ಅಜ್ಜಿ ಅದನ್ನು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ಇಬ್ಬರೂ ಕಿಟಕಿಯ ಸೀಟಿಗಾಗಿ ಜಗಳಾಡಿದರಂತೆ.

ಹೆಡ್‌ಮಾಸ್ತರು ಆ ಸೋಮವಾರ ಒಂದು ನಿಯಮ ಮಾಡಿದರು: ಭಾವನೆಗಳನ್ನು ಶಾಲೆಯ ಕಂಪೌಂಡಿನ ಒಳಗೆ ಮಾತ್ರ ಗುರುತಿಸತಕ್ಕದ್ದು. ನಾನೂ ಒಪ್ಪಿದೆ. ಮುಂದಿನ ಪೀರಿಯಡ್ಡಿನಲ್ಲಿ ಮೊದಲು ಆ ಇನ್ನೊಂದು ಪುಟವನ್ನೇ ಓದಿಸಿದೆ: ಕೇಳಿದ್ದನ್ನು ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು. ಮಕ್ಕಳು ಗಂಭೀರವಾಗಿ ಚರ್ಚಿಸಿದರು. ನಮ್ಮ ಹುಡುಗಿ ಎದ್ದು ನಿಂತು, “ನಾ ಹೇಳ್ದೇ ಇದ್ದಿದ್ರೆ ಅಜ್ಜಿ ಇನ್ನೂ ಬೀಜಾನೇ ಇಡ್ತಿತ್ತಲ್ದಾ?” ಎಂದಳು. ಕೈಪಿಡಿಯ ಪುಟ ತಿರುವಿ ನೋಡಿದೆ. “ಅಜ್ಜಿಯನ್ನ ಮೊದಲು ಕೇಳಿ ಆಮೇಲೆ ಹೇಳಬಹುದಿತ್ತು,” ಎಂದೆ. “ಅಜ್ಜಿ ಬೇಡ ಹೇಳ್ತಿತ್ತು,” ಎಂದಳು. ಹೌದು, ಬೇಡ ಎನ್ನುತ್ತಿದ್ದಳು. ಆ ಪ್ರಶ್ನೆ ನನಗೆ ಇವತ್ತಿಗೂ ಬಗೆಹರಿದಿಲ್ಲ. ಎರಡೂ ಕಡೆ ನ್ಯಾಯ ಇದೆ ಎಂದು ಒಪ್ಪಿ ಆ ದಿನದ ಪಾಠ ಮುಗಿಸಿದೆ.

ಡಿಸೆಂಬರಿನ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅಜ್ಜಿ ನನ್ನನ್ನು ಊಟಕ್ಕೆ ಕರೆದಳು. ಹೋದೆ. ಅಂಗಳದ ಒಂದು ಕಡೆ ಭತ್ತದ ಹುಲ್ಲಿನ ರಾಶಿ, ಇನ್ನೊಂದು ಕಡೆ ಮಗುವಿನ ಬಟ್ಟೆ ಒಣಹಾಕಿತ್ತು. ನಡುವಿನ ಬೇಲಿಯಲ್ಲಿ ಒಂದಾಳು ದಾಟುವಷ್ಟು ಹೊಸ ಕಿಂಡಿ. ಒಳಗೆ ಅತ್ತೆ ಸೊಸೆ ಇಬ್ಬರೂ ಸೇರಿ ಬಡಿಸಿದರು. ಕುಚಲಕ್ಕಿ ಅನ್ನ, ಬಂಗುಡೆ ಸಾರು, ಹುರಿದ ನೊಗಲಿ ಮೀನು. ಸಾರು ಬಾಯಿಗಿಟ್ಟೆ. ಉಪ್ಪೇ ಇರಲಿಲ್ಲ. ಇವಳು ಹಾಕಿದ್ದಾಳೆಂದು ಅವಳು, ಅವಳು ಹಾಕಿದ್ದಾಳೆಂದು ಇವಳು.

“ಹೆಂಗದೆ ಅಕ್ಕೋರೇ?” ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

“ಚೊಲೋ ಆಗಿದೆ,” ಎಂದು ನಾನು ಒಂದು ಚೂರು ಮಾವಿನಮಿಡಿ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡೆ.

ಊಟ ಮುಗಿಯುವವರೆಗೂ ಇಬ್ಬರೂ ಒಂದೇ ಸಮಯಕ್ಕೆ ಎರಡು ಬೇರೆ ಬೇರೆ ಕತೆ ಹೇಳಿದರು. ಯಾರ ಮುಖ ನೋಡಬೇಕೆಂದು ತಿಳಿಯದೆ ನಾನು ಬಂಗುಡೆಯ ಮುಖ ನೋಡುತ್ತ ಉಂಡೆ. ಹುಡುಗಿ ಮೂಲೆಯಲ್ಲಿ ಕೂತು, ಮಗುವಿನ ಬಾಯಿಗೆ ಮುಳ್ಳು ತೆಗೆದ ಮೀನಿನ ಚೂರು ಇಡುತ್ತ, ಅದಕ್ಕೆ ತನ್ನ ಇಡೀ ವಾರದ ಶಾಲೆಯ ಸುದ್ದಿಯನ್ನು ಹೇಳುತ್ತಿದ್ದಳು. ಮಗು ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿತ್ತು.

ಬಸ್‌ಸ್ಟಾಪಿನವರೆಗೂ ಅಜ್ಜಿ ಬಂದಳು. ದೊಡ್ಡ ಮಗ ಹುಟ್ಟಿದ ಮಳೆಗಾಲದ ಕತೆ ದಾರಿಯಲ್ಲಿ ಶುರುವಾಗಿತ್ತು. ಕಾರವಾರದ ಬಸ್ಸು ಬಂದು ನಿಂತಿತು. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಅಜ್ಜಿ ನನ್ನ ಕೈ ಹಿಡಿದುಕೊಂಡೇ ಇದ್ದಳು. ಕಂಡಕ್ಟರು ಸೀಟಿ ಬಾಯಿಗಿಟ್ಟುಕೊಂಡು ಕಾದ.

“ಅಜ್ಜೀ, ಮುಗೀತಾ?” ಎಂದ.

“ತಡ್ಯಾ,” ಎಂದಳು ಅಜ್ಜಿ. “ಇನ್ನೂ ಸೂಲಗಿತ್ತಿ ಬಂದಿಲ್ಲ.”